ನಾಲ್ಕು ದಿನಕ್ಕೊಂದು ಯುಗಾದಿ

ಈ ತಿಂಗಳ ಭಿತ್ತಿಪತ್ರಿಕೆಗೆ ನಾನು ಒಂದು ಗ್ರಹದ ವಿಷಯ ಬರೆದಿದ್ದೇನೆ. ಬುಧನಿಂದ ನೆಪ್ಚೂನ್‌ವರೆಗೆ ನಾವು ಬಾಯಿಪಾಠ ಮಾಡಿದ ಪಟ್ಟಿಯಲ್ಲಿ ಅದರ ಹೆಸರು ಸಿಗುವುದಿಲ್ಲ. ಅದು ನಮ್ಮ ಸೂರ್ಯನನ್ನು ಬಿಟ್ಟು ಬೇರೆಯೇ ಒಂದು ನಕ್ಷತ್ರವನ್ನು ಸುತ್ತುತ್ತದೆ. ಅಲ್ಲಿ ಒಂದು ವರ್ಷ ಅಂದರೆ ನಮ್ಮ ಲೆಕ್ಕದಲ್ಲಿ ಬರೀ 4 ದಿನ ಐದೂವರೆ ಗಂಟೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾವು ಪ್ರಾರ್ಥನೆಗೆ ನಿಂತಾಗ ಅಲ್ಲಿ ಯುಗಾದಿ ಆದರೆ, ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಮತ್ತೆ ಯುಗಾದಿ! ಹದಿನೈದು ವರ್ಷದ ನಾನು ಆ ಲೆಕ್ಕದಲ್ಲಿ ಸುಮಾರು 1300 ವರ್ಷದ ಮುದುಕಿ.

ಇದು ತಮಾಷೆ ಮಾತಾಯಿತು. ನಾನು ಬರೆಯಲು ಕೂತ ಕಾರಣ ಬೇರೆ ಇದೆ. ಈ ಗ್ರಹವನ್ನು ಕಂಡುಹಿಡಿದವರು ಅದನ್ನು ಕಣ್ಣಿಂದ ನೋಡಲಿಲ್ಲ. ದೊಡ್ಡ ದೂರದರ್ಶಕದಲ್ಲೂ ಅದು ಅವರಿಗೆ ಕಾಣಲಿಲ್ಲ. ಆದರೂ ‘ಇದೆ’ ಅಂತ ಹೇಳಿದರು. ಜಗತ್ತು ಪರೀಕ್ಷೆ ಮಾಡಿ ಒಪ್ಪಿಕೊಂಡಿತು. 2019ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು.

ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಕೆರೆ ಏರಿ ಮೇಲಿನ ಹುಣಸೆ ಮರದಲ್ಲಿ ದೆವ್ವ ಇದೆ ಅಂತಾರೆ. ಅದನ್ನೂ ಯಾರೂ ನೋಡಿಲ್ಲ. ಅದನ್ನು ನಂಬಬೇಡಿ ಅಂತೀರಿ, ಇದನ್ನು ಮಾತ್ರ ನಂಬಿ ಅಂತೀರಿ. ಎರಡಕ್ಕೂ ಏನು ವ್ಯತ್ಯಾಸ?” ಎಲ್ಲರೂ ನಕ್ಕರು. ಆದರೆ ಅದು ನಗುವ ಪ್ರಶ್ನೆ ಅಲ್ಲ. ಅದಕ್ಕೆ ಉತ್ತರ ಕೊಡಲು ಬರದಿದ್ದರೆ ನಾವು ವಿಜ್ಞಾನ ಓದಿ ಏನು ಬಂತು? ಹಾಗಾಗಿ ಆ ಗ್ರಹ ಸಿಕ್ಕಿದ ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ಇಲ್ಲಿ ಬರೆದಿದ್ದೇನೆ. ಲೆಕ್ಕವೂ ಇದೆ. ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಆ ನಕ್ಷತ್ರ ಎಲ್ಲಿದೆ?

ಮೊದಲು ನಕ್ಷತ್ರದ ಗುರುತು ಹೇಳುತ್ತೇನೆ. ದೀಪಾವಳಿ ಕಳೆದ ಮೇಲೆ ರಾತ್ರಿ ಎಂಟರ ಹೊತ್ತಿಗೆ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ. ಹೆಚ್ಚುಕಡಿಮೆ ನೆತ್ತಿಯ ಮೇಲೆ ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕ ಕಾಣುತ್ತದೆ. ಪಡುವಣ ಬದಿಯ ಎರಡು ನಕ್ಷತ್ರಗಳೇ ನಮ್ಮ ಪಂಚಾಂಗದ ಪೂರ್ವಾಭಾದ್ರ. ಮೂಡಣ ಬದಿಯ ಎರಡು ಉತ್ತರಾಭಾದ್ರ. ಗ್ರೀಕರು ಈ ಚೌಕವನ್ನೂ ಸುತ್ತಲಿನ ನಕ್ಷತ್ರಗಳನ್ನೂ ಸೇರಿಸಿ ರೆಕ್ಕೆಯ ಕುದುರೆ ಅಂತ ಕಲ್ಪನೆ ಮಾಡಿಕೊಂಡರು. ಅದರ ಹೆಸರು ಪೆಗಾಸಸ್.

ಪೂರ್ವಾಭಾದ್ರದ ಎರಡು ನಕ್ಷತ್ರಗಳ ನಡುಮಧ್ಯಕ್ಕೆ ಬನ್ನಿ. ಕೈ ನೀಡಿ ಹಿಡಿದು, ಅಲ್ಲಿಂದ ಒಂದು ಬೆರಳಿನ ಅಗಲದಷ್ಟು ಪಡುವಣಕ್ಕೆ ಸರಿಯಿರಿ. ಅಲ್ಲೊಂದು ಮಸುಕು ನಕ್ಷತ್ರ ಇದೆ. ಅದರ ಹೆಸರು 51 ಪೆಗಾಸಿ. ಪೇಟೆಯಲ್ಲಿ ಬೀದಿದೀಪದ ಬೆಳಕಿಗೆ ಅದು ಕಾಣುವುದಿಲ್ಲ. ಬೆಳದಿಂಗಳಿಲ್ಲದ ರಾತ್ರಿ, ನಮ್ಮ ಹೊಲದ ಕಡೆಯ ಕತ್ತಲಲ್ಲಿ, ಕಣ್ಣು ಚುರುಕಿದ್ದವರಿಗೆ ಕಷ್ಟಪಟ್ಟರೆ ಕಾಣಬಹುದು.

ಈ ನಕ್ಷತ್ರ ಬಹಳ ಮಟ್ಟಿಗೆ ನಮ್ಮ ಸೂರ್ಯನ ಹಾಗೇ ಇದೆ. ತೂಕ ಮಾತ್ರ ಸೂರ್ಯನಿಗಿಂತ ಸುಮಾರು ಹತ್ತನೇ ಒಂದು ಪಾಲು ಹೆಚ್ಚು. ನಮ್ಮಿಂದ ಸುಮಾರು 50 ಜ್ಯೋತಿರ್ವರ್ಷ ದೂರ. ಅಂದರೆ ಇವತ್ತು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 50 ವರ್ಷ ಆಯಿತು. ನಮ್ಮ ಅಪ್ಪ ಅಮ್ಮಂದಿರು ಆಗ ಹುಟ್ಟಿದ್ದರೋ ಇಲ್ಲವೋ!

ಗ್ರಹ ಯಾಕೆ ಕಾಣುವುದಿಲ್ಲ?

ಗ್ರಹಕ್ಕೆ ನಕ್ಷತ್ರದ ಹಾಗೆ ಸ್ವಂತ ಬೆಳಕಿಲ್ಲ. ಅದರ ಪಕ್ಕದಲ್ಲೇ ನಕ್ಷತ್ರ ಧಗಧಗ ಉರಿಯುತ್ತಿರುತ್ತದೆ. ರಾತ್ರಿ ಹೊತ್ತು ದೂರದಲ್ಲಿ ಎದುರಿಗೆ ಲಾರಿ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಅದರ ದೀಪದ ಪಕ್ಕದಲ್ಲೇ ಒಂದು ಮಿಂಚುಹುಳ ಹಾರುತ್ತಿದ್ದರೆ ನಮಗೆ ಕಾಣುತ್ತದಾ? ಹುಳ ಇಲ್ಲ ಅಂತಲ್ಲ, ಲಾರಿ ದೀಪ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ವಿಜ್ಞಾನಿಗಳು ಗ್ರಹವನ್ನು ಹುಡುಕುವುದು ಬಿಟ್ಟು ನಕ್ಷತ್ರವನ್ನೇ ನೋಡಿದರು. ಗ್ರಹ ಇದ್ದರೆ ನಕ್ಷತ್ರ ಅಲುಗಾಡಬೇಕು. ಹೇಗೆ ಅಂತ ಮುಂದೆ ನೋಡೋಣ.

ಸುತ್ತುವವನು, ಸುತ್ತಿಸುವವನು

ನಿಮ್ಮ ಮನೆಯ ಚಿಕ್ಕ ಮಗುವಿನ ಎರಡೂ ಕೈ ಹಿಡಿದು ಗಿರ್ರನೆ ಸುತ್ತಿಸಿ. ಮಗು ಗಾಳಿಯಲ್ಲಿ ದೊಡ್ಡ ಸುತ್ತು ಸುತ್ತುತ್ತದೆ. ನೀವೇನು ನೆಟ್ಟ ಕಂಬದ ಹಾಗೆ ನಿಂತಿರುತ್ತೀರಾ? ಇಲ್ಲ. ಹಿಂದಕ್ಕೆ ವಾಲಿ, ಕಾಲಡಿ ನೀವೂ ಒಂದು ಚಿಕ್ಕ ಸುತ್ತು ಸುತ್ತುತ್ತೀರಿ. ಮಗು ದಪ್ಪ ಇದ್ದರೆ ನಿಮ್ಮ ಸುತ್ತೂ ದೊಡ್ಡದಾಗುತ್ತದೆ.

ಗ್ರಹ ಮತ್ತು ನಕ್ಷತ್ರದ ಕಥೆಯೂ ಇಷ್ಟೇ. ಅಲ್ಲಿ ಕೈಯ ಬದಲು ಗುರುತ್ವಾಕರ್ಷಣೆ. ಸೂರ್ಯ ಗುರುಗ್ರಹವನ್ನು ಎಳೆದ ಹಾಗೆ ಗುರುಗ್ರಹವೂ ಸೂರ್ಯನನ್ನು ಎಳೆಯುತ್ತದೆ. ಗುರುಗ್ರಹದ ತೂಕ ಭೂಮಿಯ 318 ಪಟ್ಟು. ಅದರ ಎಳೆತಕ್ಕೆ ನಮ್ಮ ಸೂರ್ಯ ಸೆಕೆಂಡಿಗೆ ಸುಮಾರು ಹನ್ನೆರಡೂವರೆ ಮೀಟರ್ ವೇಗದಲ್ಲಿ ಚಿಕ್ಕ ಸುತ್ತು ಸುತ್ತುತ್ತಾನೆ. ಭೂಮಿಯ ಎಳೆತಕ್ಕೆ ಸಿಗುವ ವೇಗ ಸೆಕೆಂಡಿಗೆ ಬರೀ 9 ಸೆಂಟಿಮೀಟರ್, ಇರುವೆಯ ಓಟದಷ್ಟು.

ಅಂದರೆ, ಒಂದು ನಕ್ಷತ್ರ ನಮ್ಮ ಕಡೆಗೊಮ್ಮೆ ಬಂದು, ಹಿಂದಕ್ಕೊಮ್ಮೆ ಹೋಗಿ, ತಪ್ಪದೆ ಒಂದೇ ತಾಳದಲ್ಲಿ ಅಲುಗಾಡುತ್ತಿದ್ದರೆ, ಅದನ್ನು ಯಾವುದೋ ಒಂದು ಎಳೆಯುತ್ತಿದೆ ಅಂತ ಅರ್ಥ.

ಬೆಳಕಿನ ಕಪ್ಪು ಗೆರೆ

50 ಜ್ಯೋತಿರ್ವರ್ಷ ದೂರದ ನಕ್ಷತ್ರ ಅಲುಗಾಡಿದ್ದು ನಮಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ಬಸ್ಸಿನ ಹಾರನ್ ಉತ್ತರ ಹೇಳುತ್ತದೆ. ರಸ್ತೆ ಬದಿ ನಿಂತಾಗ ಎಕ್ಸ್‌ಪ್ರೆಸ್ ಬಸ್ಸು ನಿಲ್ಲಿಸದೆ ಹಾರನ್ ಹೊಡೆಯುತ್ತಾ ಹೋಗುವುದನ್ನು ಕೇಳಿದ್ದೀರಿ. ಹತ್ತಿರ ಬರುವಾಗ ಸದ್ದು ಕೀರಲಾಗಿರುತ್ತದೆ. ನಮ್ಮನ್ನು ದಾಟಿದ ಕೂಡಲೇ ದಪ್ಪ ದನಿಯಾಗುತ್ತದೆ. ಬರುವಾಗ ಸದ್ದಿನ ಅಲೆಗಳು ಒತ್ತಾಗುತ್ತವೆ, ಹೋಗುವಾಗ ಬಿಡಿಬಿಡಿಯಾಗುತ್ತವೆ. ಇದಕ್ಕೆ ಡಾಪ್ಲರ್ ಪರಿಣಾಮ ಅಂತ ಹೆಸರು.

ಬೆಳಕೂ ಅಲೆಯೇ. ನಕ್ಷತ್ರ ನಮ್ಮ ಕಡೆ ಬರುವಾಗ ಅದರ ಬೆಳಕು ಚೂರು ನೀಲಿ ಕಡೆಗೆ ಸರಿಯುತ್ತದೆ, ದೂರ ಹೋಗುವಾಗ ಕೆಂಪು ಕಡೆಗೆ. ಆದರೆ ಈ ಸರಿತ ಕಣ್ಣಿಗೆ ತಿಳಿಯುವಷ್ಟು ಇರುವುದಿಲ್ಲ. ಅಳೆಯಲು ಒಂದು ಗುರುತು ಬೇಕು. ಆ ಗುರುತನ್ನು ಪ್ರಕೃತಿಯೇ ಇಟ್ಟಿದೆ. ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಏಳು ಬಣ್ಣ ಮಾಡಿದ್ದನ್ನು ನಮ್ಮ ಪ್ರಯೋಗಾಲಯದಲ್ಲಿ ನೋಡಿದ್ದೇವೆ. ಒಳ್ಳೆಯ ಉಪಕರಣದಲ್ಲಿ ನೋಡಿದರೆ ಆ ಬಣ್ಣದ ಪಟ್ಟಿಯ ಮೇಲೆ ನೂರಾರು ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಜರ್ಮನಿಯ ಫ್ರೌನ್‌ಹೋಫರ್ 1814ರಲ್ಲಿ ಇವನ್ನು ಗಮನವಿಟ್ಟು ನೋಡಿ ಗುರುತು ಮಾಡಿದ. ನಕ್ಷತ್ರದ ಹೊರಪದರದಲ್ಲಿರುವ ಕಬ್ಬಿಣ, ಸೋಡಿಯಂ ಮೊದಲಾದ ಧಾತುಗಳು ತಮಗೆ ಬೇಕಾದ ಬಣ್ಣವನ್ನಷ್ಟೇ ಹೀರಿಕೊಂಡು ಉಳಿಸಿದ ಜಾಗ ಅದು. ಅಳತೆ ಪಟ್ಟಿಯ ಮೇಲಿನ ಗೆರೆಗಳ ಹಾಗೆ ಅವು ಉಪಯೋಗಕ್ಕೆ ಬರುತ್ತವೆ. ನಕ್ಷತ್ರ ಅಲುಗಾಡಿದರೆ ಗೆರೆಗಳೆಲ್ಲ ಒಟ್ಟಿಗೆ ಆ ಕಡೆ ಈ ಕಡೆ ಸರಿಯುತ್ತವೆ.

ಎಷ್ಟು ಸರಿಯುತ್ತವೆ? ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಅಲುಗಾಡುವ ನಕ್ಷತ್ರದ ಗೆರೆ ಬರೀ ಐವತ್ತು ಲಕ್ಷದಲ್ಲಿ ಒಂದು ಪಾಲು ಸರಿಯುತ್ತದೆ. ಇಷ್ಟು ಸೂಕ್ಷ್ಮ ಅಳೆಯುವ ಉಪಕರಣ ಮಾಡುವುದರಲ್ಲೇ ಜನರ ಆಯಸ್ಸು ಹೋಯಿತು.

ಫ್ರಾನ್ಸಿನ ವೀಕ್ಷಣಾಲಯದಲ್ಲಿ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಓತ್-ಪ್ರೊವಾನ್ಸ್ ಅನ್ನುವ ವೀಕ್ಷಣಾಲಯ ಇದೆ. ಅಲ್ಲಿನ 1.93 ಮೀಟರ್ ದೂರದರ್ಶಕಕ್ಕೆ ಎಲೊಡೀ ಅನ್ನುವ ಹೊಸ ಉಪಕರಣ ಜೋಡಿಸಿ, 1994ರಲ್ಲಿ ಇಬ್ಬರು ಹುಡುಕಾಟ ಶುರು ಮಾಡಿದರು. ಒಬ್ಬರು ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಿಷೆಲ್ ಮೇಯರ್. ಇನ್ನೊಬ್ಬರು ಅವರ ಕೈಕೆಳಗೆ ಡಾಕ್ಟರೇಟ್‌ಗೆ ಓದುತ್ತಿದ್ದ ವಿದ್ಯಾರ್ಥಿ ಡಿಡಿಯೆ ಕೆಲೋ. ಸೂರ್ಯನಂಥ 142 ನಕ್ಷತ್ರಗಳನ್ನು ಆರಿಸಿಕೊಂಡು ಒಂದೊಂದನ್ನೇ ಮತ್ತೆ ಮತ್ತೆ ಅಳೆಯುವುದು ಅವರ ಕೆಲಸ.

ಅದರಲ್ಲಿ 51 ಪೆಗಾಸಿ ಸುಮ್ಮನೆ ಕೂರಲಿಲ್ಲ. ಒಂದು ರಾತ್ರಿಯ ಅಳತೆ ಇನ್ನೊಂದು ರಾತ್ರಿಗೆ ಹೊಂದಲಿಲ್ಲ. ಆಗ ಮೇಯರ್ ದೂರದ ಹವಾಯಿಯಲ್ಲಿದ್ದರು. ಕೆಲೋ ಮೊದಲು ಅನುಮಾನ ಪಟ್ಟದ್ದು ತನ್ನ ಉಪಕರಣ ಮತ್ತು ತಾನೇ ಬರೆದ ಕಂಪ್ಯೂಟರ್ ಲೆಕ್ಕದ ಮೇಲೆ. ಎಲ್ಲವನ್ನೂ ತಿರುಗಿ ತಿರುಗಿ ಪರೀಕ್ಷೆ ಮಾಡಿದರು. ಬೇರೆ ನಕ್ಷತ್ರಗಳು ನೆಟ್ಟಗಿದ್ದವು. ಇದೊಂದೇ ಅಲುಗಾಡುತ್ತಿತ್ತು. 1995ರ ಆರಂಭದ ಹೊತ್ತಿಗೆ ಅದರ ತಾಳ ಸಿಕ್ಕಿತು: 4.23 ದಿನಕ್ಕೊಂದು ಸುತ್ತು.

ಆಮೇಲೆ ಅವರು ಮಾಡಿದ್ದನ್ನು ಗಮನಿಸಿ. ಕೂಡಲೇ ಪೇಪರಿನವರನ್ನು ಕರೆಯಲಿಲ್ಲ. ಅಷ್ಟರಲ್ಲಿ ಪೆಗಾಸಸ್ ಸೂರ್ಯನ ದಿಕ್ಕಿಗೆ ಸರಿದು ರಾತ್ರಿ ಆಕಾಶದಿಂದ ಮರೆಯಾಯಿತು. ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ಬಿಡುವಿನಲ್ಲಿ, ನಿಜವಾಗಿ ಗ್ರಹ ಇದ್ದರೆ ಜುಲೈ ತಿಂಗಳ ಯಾವ ರಾತ್ರಿ ನಕ್ಷತ್ರದ ವೇಗ ಎಷ್ಟಿರಬೇಕು ಅಂತ ಮುಂಚೆಯೇ ಲೆಕ್ಕ ಮಾಡಿ ಇಟ್ಟುಕೊಂಡರು. 1995ರ ಜುಲೈಯಲ್ಲಿ ನಕ್ಷತ್ರ ಮತ್ತೆ ಕಾಣಿಸಿಕೊಂಡಾಗ ರಾತ್ರಿ ರಾತ್ರಿ ಅಳೆದರು. ಲೆಕ್ಕ ಹೇಳಿದ ಹಾಗೇ ಬಂತು. ಅಕ್ಟೋಬರ್ 6ರಂದು ಇಟಲಿಯ ಫ್ಲಾರೆನ್ಸ್ ನಗರದ ಸಭೆಯೊಂದರಲ್ಲಿ ವಿಷಯ ತಿಳಿಸಿದರು. ನವೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬಂತು. ಗ್ರಹಕ್ಕೆ 51 ಪೆಗಾಸಿ ಬಿ ಅಂತ ಹೆಸರಾಯಿತು.

ಬನ್ನಿ, ನಾವೂ ಲೆಕ್ಕ ಮಾಡೋಣ

ಇವರ ಕೈಯಲ್ಲಿದ್ದದ್ದು ಎರಡೇ ಸಂಖ್ಯೆ. ಒಂದು, 4.23 ದಿನ. ಇನ್ನೊಂದು, ನಕ್ಷತ್ರದ ಅಲುಗಾಟದ ವೇಗ, ಸೆಕೆಂಡಿಗೆ ಸುಮಾರು 56 ಮೀಟರ್. ಇಷ್ಟರಿಂದ ಗ್ರಹದ ದೂರ, ತೂಕ ಎಲ್ಲ ಹೇಗೆ ಬಂತು?

ಮೊದಲು ದೂರ. ಕೆಪ್ಲರ್ ಹೇಳಿದ ಒಂದು ನಿಯಮ ಇದೆ. ಗ್ರಹದ ವರ್ಷವನ್ನು ಅದರಿಂದಲೇ ಒಂದು ಸಲ ಗುಣಿಸಿ. ಗ್ರಹದ ದೂರವನ್ನು ಅದರಿಂದಲೇ ಎರಡು ಸಲ ಗುಣಿಸಿ. ಎರಡೂ ಉತ್ತರ ಒಂದೇ ಬರುತ್ತದೆ. ವರ್ಷವನ್ನು ನಮ್ಮ ವರ್ಷದಲ್ಲಿ, ದೂರವನ್ನು ಸೂರ್ಯ-ಭೂಮಿಯ ದೂರದಲ್ಲಿ ಅಳೆಯಬೇಕು. ಗುರುಗ್ರಹದ ಮೇಲೆ ಪರೀಕ್ಷೆ ಮಾಡಿ: ಅದರ ವರ್ಷ 11.86, ದೂರ 5.2. 11.86 × 11.86 = 140.7. 5.2 × 5.2 × 5.2 = 140.6. ಸರಿ ಬಂತಲ್ಲ!

ಈಗ ನಮ್ಮ ಗ್ರಹ. 4.23 ದಿನವನ್ನು 365.25ರಿಂದ ಭಾಗಿಸಿದರೆ 0.0116 ವರ್ಷ. 0.0116 × 0.0116 = 0.000134. ಯಾವ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿದರೆ ಇದು ಬರುತ್ತದೆ? 0.05 ಹಾಕಿ ನೋಡಿದರೆ 0.000125, ಸ್ವಲ್ಪ ಕಡಿಮೆ. 0.051 ಹಾಕಿದರೆ 0.000133, ಹತ್ತಿರ ಬಂತು. ಸೂರ್ಯ-ಭೂಮಿಯ ದೂರ 15 ಕೋಟಿ ಕಿಲೋಮೀಟರ್. ಅದನ್ನು 0.051ರಿಂದ ಗುಣಿಸಿದರೆ ಸುಮಾರು 76 ಲಕ್ಷ. ಈ ನಕ್ಷತ್ರ ಸೂರ್ಯನಿಗಿಂತ ತುಸು ಭಾರ ಆದ್ದರಿಂದ ಚೂರು ಜಾಸ್ತಿ, 78 ಲಕ್ಷ ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ನಮ್ಮ ಬುಧ ಸೂರ್ಯನಿಂದ 5 ಕೋಟಿ 80 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಈ ಗ್ರಹ ಅದರ ಏಳನೇ ಒಂದು ಪಾಲಿನಷ್ಟು ದೂರದಲ್ಲೇ ಸುತ್ತುತ್ತಿದೆ!

ಇನ್ನು ತೂಕ. 78 ಲಕ್ಷ ತ್ರಿಜ್ಯದ ವೃತ್ತದ ಸುತ್ತಳತೆ 2 × 3.14 × 78 = ಸುಮಾರು 490 ಲಕ್ಷ ಕಿಲೋಮೀಟರ್. 4.23 ದಿನಕ್ಕೆ 3,65,472 ಸೆಕೆಂಡ್. ಭಾಗಿಸಿದರೆ ಗ್ರಹದ ವೇಗ ಸೆಕೆಂಡಿಗೆ 134 ಕಿಲೋಮೀಟರ್, ಅಂದರೆ 1,34,000 ಮೀಟರ್. ನಕ್ಷತ್ರದ ವೇಗ 56 ಮೀಟರ್. ಮಗುವನ್ನು ಸುತ್ತಿಸಿದ್ದು ನೆನಪಿದೆಯಲ್ಲ? ಹಗುರ ಇದ್ದವರು ಎಷ್ಟು ಪಟ್ಟು ಜೋರಾಗಿ ಸುತ್ತುತ್ತಾರೋ ಭಾರ ಇದ್ದವರು ಅಷ್ಟು ಪಟ್ಟು ಭಾರ. 1,34,000 ÷ 56 = ಸುಮಾರು 2400. ಅಂದರೆ ನಕ್ಷತ್ರ ಈ ಗ್ರಹಕ್ಕಿಂತ 2400 ಪಟ್ಟು ಭಾರ.

ಸೂರ್ಯನ ತೂಕ ಭೂಮಿಯ ಸುಮಾರು 3,33,000 ಪಟ್ಟು. ಈ ನಕ್ಷತ್ರ ಹತ್ತನೇ ಒಂದು ಪಾಲು ಹೆಚ್ಚು, ಅಂದರೆ 3,66,000. ಅದನ್ನು 2400ರಿಂದ ಭಾಗಿಸಿ: ಸುಮಾರು 150. ಹಾಗಾದರೆ ಗ್ರಹದ ತೂಕ 150 ಭೂಮಿಗಳಷ್ಟು. ಗುರುಗ್ರಹದ ಹತ್ತಿರ ಹತ್ತಿರ ಅರ್ಧ. ಅದಕ್ಕೇ 2015ರಲ್ಲಿ ಇದಕ್ಕೆ ಡಿಮಿಡಿಯಂ ಅಂತ ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಹಾಗಂದರೆ ಅರ್ಧ. ಒಂದು ಮಾತು ಸೇರಿಸಬೇಕು: ಇದು ಕಡೇ ಪಕ್ಷದ ತೂಕ. ಗ್ರಹದ ದಾರಿ ನಮ್ಮ ಕಣ್ಣಿಗೆ ಓರೆಯಾಗಿದ್ದರೆ ನಮಗೆ ಅಲುಗಾಟದ ಒಂದು ಭಾಗ ಮಾತ್ರ ತಿಳಿಯುತ್ತದೆ. ಆಗ ನಿಜವಾದ ತೂಕ ಇನ್ನೂ ಜಾಸ್ತಿ ಇರುತ್ತದೆ.

ಯಾರೂ ಅಲ್ಲಿ ಹುಡುಕಿರಲಿಲ್ಲ

ಈ ಲೆಕ್ಕ ಅಷ್ಟು ಸುಲಭ ಇದ್ದರೆ ಮುಂಚೆಯೇ ಯಾಕೆ ಸಿಗಲಿಲ್ಲ? ಉಪಕರಣ ಸಾಲದಿದ್ದದ್ದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ನಿಮ್ಮ ಪಠ್ಯಪುಸ್ತಕದ ಚಿತ್ರದಲ್ಲೇ ಇದೆ. ಸೂರ್ಯನ ಹತ್ತಿರ ಚಿಕ್ಕ ಕಲ್ಲುಗ್ರಹಗಳು, ದೂರದಲ್ಲಿ ದೊಡ್ಡ ಅನಿಲಗ್ರಹಗಳು. ಗುರುಗ್ರಹ ಒಂದು ಸುತ್ತಿಗೆ ಸುಮಾರು 12 ವರ್ಷ ತೆಗೆದುಕೊಳ್ಳುತ್ತದೆ. ಎಲ್ಲ ನಕ್ಷತ್ರಗಳ ಮನೆಯೂ ನಮ್ಮ ಮನೆಯ ಹಾಗೇ ಇರುತ್ತದೆ ಅಂತ ಹೆಚ್ಚಿನವರು ತಿಳಿದಿದ್ದರು. ದೊಡ್ಡ ಗ್ರಹ ಬೇಕಾದರೆ ವರ್ಷಾನುಗಟ್ಟಲೆ ಅಳೆಯಬೇಕು, ನಾಲ್ಕು ದಿನದ ಲೆಕ್ಕ ಯಾಕೆ ನೋಡಬೇಕು?

ಅಮೆರಿಕದಲ್ಲಿ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ಅನ್ನುವವರು 1987ರಿಂದಲೇ ಇಂಥ ಅಳತೆ ಮಾಡುತ್ತಿದ್ದರು. ಸ್ವಿಸ್ ಸುದ್ದಿ ಬಂದ ಮೇಲೆ ತಮ್ಮ ಹಳೆಯ ಅಳತೆಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಜಾಲಾಡಿದರು. 1996ರ ಜನವರಿಯಲ್ಲಿ ಇನ್ನೂ ಎರಡು ನಕ್ಷತ್ರಗಳ ಗ್ರಹಗಳನ್ನು ಪ್ರಕಟಿಸಿದರು. ಅವುಗಳ ಗುರುತು ಅದುವರೆಗೆ ಆ ರಾಶಿಯಲ್ಲೇ ಅಡಗಿ ಕೂತಿತ್ತು!

ಇನ್ನೂ ಹಿಂದೆ, 1952ರಲ್ಲೇ, ಆಟೋ ಸ್ಟ್ರೂವೆ ಅನ್ನುವ ಖಗೋಳಜ್ಞರು ಒಂದು ಚಿಕ್ಕ ಲೇಖನ ಬರೆದಿದ್ದರು. ದೊಡ್ಡ ಗ್ರಹ ನಕ್ಷತ್ರದ ತೀರ ಹತ್ತಿರವೂ ಇರಬಹುದು, ಹಾಗಿದ್ದರೆ ಅಲುಗಾಟದಿಂದ ಅದನ್ನು ಹಿಡಿಯಬಹುದು ಅಂತ. ಅದನ್ನು ಕೈಗೆತ್ತಿಕೊಂಡು ಹುಡುಕಿದವರು ಆಗ ಇರಲಿಲ್ಲ.

ಅನುಮಾನ ಪಟ್ಟವರು

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಹತ್ತಿರ ಬಂದೆವು. ಫ್ಲಾರೆನ್ಸ್ ಸಭೆಯಾದ ಒಂದು ವಾರದಲ್ಲೇ ಮಾರ್ಸಿ ಮತ್ತು ಬಟ್ಲರ್ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಅದೇ ನಕ್ಷತ್ರವನ್ನು ಅಳೆದರು. ಬೇರೆ ದೇಶ, ಬೇರೆ ಉಪಕರಣ, ಪೈಪೋಟಿಯ ತಂಡ. ಅದೇ ನಾಲ್ಕು ದಿನದ ತಾಳ ಬಂತು.

ಅಲ್ಲಿಗೂ ಮುಗಿಯಲಿಲ್ಲ. 1997ರಲ್ಲಿ ಕೆನಡಾದ ಡೇವಿಡ್ ಗ್ರೇ ಒಂದು ಆಕ್ಷೇಪಣೆ ಎತ್ತಿದರು. ನಕ್ಷತ್ರ ಅಲುಗಾಡುತ್ತಿಲ್ಲ, ಅದರ ಮೈಯೇ ಉಬ್ಬಿ ಇಳಿದು ಮಿಡಿಯುತ್ತಿರಬಹುದು, ಗ್ರಹ ಇಲ್ಲ ಅಂತ. ಒಳ್ಳೆಯ ಆಕ್ಷೇಪಣೆ. ನಕ್ಷತ್ರದ ಮೈ ಮಿಡಿದರೆ ಗೆರೆಗಳ ಆಕಾರವೇ ಬದಲಾಗಬೇಕು. ಗ್ರಹ ಎಳೆದರೆ ಆಕಾರ ಹಾಗೇ ಇದ್ದು ಜಾಗ ಮಾತ್ರ ಬದಲಾಗಬೇಕು. ಇನ್ನಷ್ಟು ಸೂಕ್ಷ್ಮವಾಗಿ ಅಳೆದರು. ಆಕಾರ ಬದಲಾಗಲಿಲ್ಲ. 1998ರಲ್ಲಿ ಗ್ರೇ ಅವರೇ ಅದೇ ‘ನೇಚರ್’ ಪತ್ರಿಕೆಯಲ್ಲಿ ಗ್ರಹ ಇದೆ ಅಂತ ಒಪ್ಪಿ ಬರೆದರು. ತಾನು ಹೇಳಿದ್ದನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳಲು ದೊಡ್ಡ ಮನಸ್ಸು ಬೇಕು.

1999ರಲ್ಲಿ ಇನ್ನೂ ಗಟ್ಟಿ ಸಾಕ್ಷಿ ಬಂತು. ಅದೇ ಪೆಗಾಸಸ್ ಪುಂಜದಲ್ಲಿ ಎಚ್‌ಡಿ 209458 ಅನ್ನುವ ಇನ್ನೊಂದು ನಕ್ಷತ್ರ ಇದೆ. ಅದೂ ಹೀಗೇ ಅಲುಗಾಡುತ್ತಿತ್ತು, ಮೂರೂವರೆ ದಿನಕ್ಕೊಂದು ಸಲ. ಗ್ರಹ ಇದ್ದು, ಅದು ನಮಗೂ ನಕ್ಷತ್ರಕ್ಕೂ ಅಡ್ಡ ಬಂದರೆ ಬೆಳಕು ತುಸು ಕುಂದಬೇಕು, ಗ್ರಹಣದ ಹಾಗೆ. ಡೇವಿಡ್ ಶಾರ್ಬೊನೊ ಅವರ ತಂಡ ಮತ್ತು ಗ್ರೆಗ್ ಹೆನ್ರಿ ಅವರ ತಂಡ ಬೇರೆ ಬೇರೆಯಾಗಿ ನೋಡಿದವು. ಅಲುಗಾಟದ ಲೆಕ್ಕ ಹೇಳಿದ ಹೊತ್ತಿಗೇ ಬೆಳಕು ಕುಂದಿತು. ನೂರು ರೂಪಾಯಿಗೆ ಒಂದೂವರೆ ರೂಪಾಯಿಯಷ್ಟು, ಸುಮಾರು ಮೂರು ಗಂಟೆ ಕಾಲ. ಎಷ್ಟು ಬೆಳಕು ಮರೆಯಾಯಿತು ಅನ್ನುವುದರಿಂದ ಗ್ರಹದ ಗಾತ್ರವೂ ಸಿಕ್ಕಿತು. ಅದು ಗುರುಗ್ರಹಕ್ಕಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಅಗಲ. ತೂಕ ಮಾತ್ರ ಗುರುಗ್ರಹದ ಸುಮಾರು ಮುಕ್ಕಾಲಿಗಿಂತ ಕಡಿಮೆ. ಲೆಕ್ಕ ಮಾಡಿದರೆ ನೀರಿಗಿಂತ ಹಗುರ! ಬಿಸಿಗೆ ಉಬ್ಬಿದ ಪೂರಿಯ ಹಾಗೆ. 51 ಪೆಗಾಸಿಯ ಗ್ರಹ ಹೀಗೆ ಅಡ್ಡ ಬರುವುದಿಲ್ಲ, ಅದರ ದಾರಿ ನಮಗೆ ಓರೆಯಾಗಿದೆ.

ಅಲ್ಲಿ ಹೇಗಿದೆ?

ಬಿಸಿಲಿನ ಲೆಕ್ಕ ಸುಲಭ. ಬೆಂಕಿಗೆ ಎರಡು ಪಟ್ಟು ಹತ್ತಿರ ಹೋದರೆ ನಾಲ್ಕು ಪಟ್ಟು ಕಾವು. ಈ ಗ್ರಹ ಭೂಮಿಗಿಂತ ಸುಮಾರು 20 ಪಟ್ಟು ಹತ್ತಿರ ಇದೆ. 20 × 20 = 400. ನಮ್ಮ ಏಪ್ರಿಲ್ ತಿಂಗಳ ಬಿಸಿಲನ್ನೇ ತಡೆಯಲು ಆಗುವುದಿಲ್ಲ, ಅಲ್ಲಿ ನಾನೂರು ಪಟ್ಟು! ಶಾಖ ಸುಮಾರು 1000 ಡಿಗ್ರಿ ಸೆಲ್ಸಿಯಸ್. ಬೆಳ್ಳಿ 962 ಡಿಗ್ರಿಗೆ ಕರಗುತ್ತದೆ. ಅಕ್ಕಸಾಲಿಯ ಕುಲುಮೆಯೇ ಗ್ರಹವಾದ ಹಾಗೆ. ಆ ಆಕಾಶದಲ್ಲಿ ನಕ್ಷತ್ರ ನಮ್ಮ ಸೂರ್ಯ ಕಾಣುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಅಗಲ.

ಇಷ್ಟು ಹತ್ತಿರ ಇರುವ ಗ್ರಹದ ಒಂದೇ ಮುಖ ಯಾವಾಗಲೂ ನಕ್ಷತ್ರದ ಕಡೆ ಇರುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ, ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ. ಹಾಗಾದರೆ ಒಂದು ಬದಿ ಸದಾ ಹಗಲು, ಇನ್ನೊಂದು ಬದಿ ಸದಾ ರಾತ್ರಿ. ನಿಂತುಕೊಳ್ಳಲು ನೆಲವೂ ಇಲ್ಲ, ಎಲ್ಲ ಅನಿಲ. ಇಂಥ ಗ್ರಹಗಳಿಗೆ ‘ಬಿಸಿ ಗುರು’ ಅಂತ ಹೆಸರು ಬಿದ್ದಿದೆ. ಅಂದರೆ ಗುರುಗ್ರಹದಂಥದ್ದು, ಆದರೆ ಬಿಸಿ.

ಅಲ್ಲಿಗೆ ಹೇಗೆ ಬಂತು?

ಇದು ವಿಜ್ಞಾನಿಗಳಿಗೂ ತಲೆನೋವಾದ ಪ್ರಶ್ನೆ. ಗುರುವಿನಂಥ ದೊಡ್ಡ ಗ್ರಹ ಬೆಳೆಯಲು ಬಹಳ ಸಾಮಗ್ರಿ ಬೇಕು. ನಕ್ಷತ್ರದಿಂದ ದೂರ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ, ಮಂಜುಗಡ್ಡೆಯೂ ಸೇರಿ ಗ್ರಹದ ತಿರುಳು ಬೇಗ ದಪ್ಪವಾಗುತ್ತದೆ. ನಕ್ಷತ್ರದ ಮಗ್ಗುಲಲ್ಲಿ ಅಷ್ಟು ಸಾಮಗ್ರಿ ಸಿಗುವುದು ಕಷ್ಟ. ಹಾಗಾಗಿ ಇಂಥ ಗ್ರಹ ದೂರದಲ್ಲಿ ಹುಟ್ಟಿ ಆಮೇಲೆ ಒಳಗೆ ವಲಸೆ ಬಂದಿರಬೇಕು ಅನ್ನುವುದು ಹೆಚ್ಚಿನವರ ಅಭಿಪ್ರಾಯ.

ಬಂದ ದಾರಿ ಎರಡು ರೀತಿ ಇರಬಹುದು. ಒಂದು, ಎಳೆಯ ನಕ್ಷತ್ರದ ಸುತ್ತ ಅನಿಲ ಮತ್ತು ದೂಳಿನ ತಟ್ಟೆ ಇರುತ್ತದೆ. ಅದರೊಳಗೆ ಸುತ್ತುವ ಗ್ರಹ ತಟ್ಟೆಯ ಎಳೆತಕ್ಕೆ ಸಿಕ್ಕಿ ನಿಧಾನವಾಗಿ ಒಳಕ್ಕೆ ಸರಿಯುತ್ತದೆ. ಎರಡು, ಬೇರೆ ದೊಡ್ಡ ಗ್ರಹವೋ ಪಕ್ಕದ ನಕ್ಷತ್ರವೋ ಜಗ್ಗಾಡಿ ಅದರ ದಾರಿಯನ್ನು ಮೊಟ್ಟೆಯಾಕಾರಕ್ಕೆ ತಿರುಗಿಸುತ್ತದೆ. ಆಮೇಲೆ ನಕ್ಷತ್ರದ ಹತ್ತಿರ ಹಾದು ಹೋದಾಗಲೆಲ್ಲ ಅದರ ಓಟ ಕುಂದಿ, ದಾರಿ ಚಿಕ್ಕದಾಗಿ ದುಂಡಗಾಗುತ್ತದೆ. ಯಾವ ಗ್ರಹ ಯಾವ ದಾರಿಯಲ್ಲಿ ಬಂತು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.

ನಮ್ಮ ಗುರುಗ್ರಹ ಹೀಗೆ ಪೂರ್ತಿ ಒಳಗೆ ನುಗ್ಗಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತಿತ್ತು. ಭೂಮಿ ಈಗಿರುವ ಜಾಗದಲ್ಲಿ ಹೀಗೆ ಇರುತ್ತಿತ್ತೋ ಇಲ್ಲವೋ. ಸೂರ್ಯನಂಥ ನಕ್ಷತ್ರಗಳಲ್ಲಿ ನೂರಕ್ಕೆ ಒಂದಕ್ಕೋ ಅದಕ್ಕಿಂತ ಕಡಿಮೆಗೋ ಮಾತ್ರ ಇಂಥ ಬಿಸಿ ಗುರು ಇದೆ. ಅಂದರೆ ಇದು ಅಪರೂಪ. ಅಪರೂಪದ್ದೇ ಮೊದಲು ಸಿಕ್ಕಿದ್ದು ಯಾಕೆಂದರೆ ಅದರ ಎಳೆತ ಜೋರು, ತಾಳ ಚುಟುಕು.

ನಮ್ಮ ದೇಶದಲ್ಲಿ

ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿ ಭೌತ ಸಂಶೋಧನಾ ಪ್ರಯೋಗಾಲಯದ ವೀಕ್ಷಣಾಲಯ ಇದೆ. ಅಲ್ಲಿನ 1.2 ಮೀಟರ್ ದೂರದರ್ಶಕಕ್ಕೆ ಪಾರಸ್ ಅನ್ನುವ ಉಪಕರಣ ಜೋಡಿಸಿದ್ದಾರೆ. ಎಲೊಡೀ ಮಾಡಿದ ಅಲುಗಾಟದ ಅಳತೆಯನ್ನೇ ಅದೂ ಮಾಡುತ್ತದೆ. ಅದರ ಸಹಾಯದಿಂದ 2021ರಲ್ಲಿ ಒಂದು ಬಿಸಿ ಗುರುವನ್ನು ಕಂಡುಹಿಡಿದರು. ಅದರ ವರ್ಷ 3.2 ದಿನ.

ಇನ್ನೊಂದು ಸಂತೋಷದ ವಿಷಯ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತು. ಭಾರತದ ಪಾಲಿಗೆ ಬಂದದ್ದೂ ಒಂದು ಬಿಸಿ ಗುರುವೇ. ನಕ್ಷತ್ರಕ್ಕೆ ಬಿಭಾ ಅಂತ ಹೆಸರಾಯಿತು. ಅದು ನಮ್ಮ ದೇಶದ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ. ಗ್ರಹಕ್ಕೆ ಸಂತಮಸ ಅಂತ ಹೆಸರು.

2025ರ ಸೆಪ್ಟೆಂಬರ್ ಹೊತ್ತಿಗೆ ಬೇರೆ ನಕ್ಷತ್ರಗಳ ಗ್ರಹಗಳ ಲೆಕ್ಕ 6000 ದಾಟಿತು. 1995ಕ್ಕೆ ಮುಂಚೆ ಸೂರ್ಯನಂಥ ನಕ್ಷತ್ರದ ಸುತ್ತ ಖಚಿತವಾಗಿ ಗೊತ್ತಿದ್ದ ಗ್ರಹ ಒಂದೂ ಇರಲಿಲ್ಲ.

ಹುಣಸೆ ಮರದ ಪ್ರಶ್ನೆಗೆ

ಈಗ ವ್ಯತ್ಯಾಸ ಹೇಳುತ್ತೇನೆ. ಗ್ರಹ ಇದೆ ಅಂದವರು, ಎಷ್ಟು ದಿನಕ್ಕೊಮ್ಮೆ, ಯಾವ ರಾತ್ರಿ, ಎಷ್ಟು ವೇಗ ಅಂತ ಮುಂಚೆಯೇ ಬರೆದಿಟ್ಟರು. ಆ ರಾತ್ರಿ ಅಷ್ಟು ಬರದಿದ್ದರೆ ಅವರ ಮಾತು ಬಿದ್ದುಹೋಗುತ್ತಿತ್ತು. ತಮ್ಮ ಮಾತನ್ನು ಸುಳ್ಳು ಮಾಡುವುದು ಹೇಗೆ ಅಂತ ಅವರೇ ಎಲ್ಲರಿಗೂ ದಾರಿ ತೋರಿಸಿದರು. ಪೈಪೋಟಿಯವರು ಬಂದು ಅಳೆದರು. ಅನುಮಾನದವರು ಬಂದು ಅಳೆದರು. ಬೇರೆ ವಿಧಾನದಿಂದ ನೋಡಿದಾಗಲೂ ಇಂಥ ಗ್ರಹಗಳು ಸಿಕ್ಕವು. ದೆವ್ವ ಇದೆ ಅನ್ನುವವರು ಯಾವ ದಿನ, ಎಷ್ಟು ಗಂಟೆಗೆ, ಏನು ಆಗುತ್ತದೆ ಅಂತ ಬರೆದು ಕೊಡಲಿ. ನಾವೆಲ್ಲ ಹೋಗಿ ನೋಡೋಣ. ಬರೆದು ಕೊಡುವುದಿಲ್ಲ ಅಂದರೆ, ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ನಿಮಗೊಂದು ಲೆಕ್ಕ. ಸಂತಮಸ ಗ್ರಹದ ವರ್ಷ 2.14 ದಿನ. ಬಿಭಾ ನಕ್ಷತ್ರವನ್ನು ಸೂರ್ಯನಷ್ಟೇ ತೂಕ ಅಂತ ಇಟ್ಟುಕೊಂಡು, ಗ್ರಹ ಅದರಿಂದ ಎಷ್ಟು ದೂರ ಇದೆ ಅಂತ ಕೆಪ್ಲರ್ ನಿಯಮದಿಂದ ಕಂಡುಹಿಡಿಯಿರಿ. ಆಮೇಲೆ ನಕ್ಷತ್ರ ಸ್ವಲ್ಪ ಭಾರ ಇದ್ದರೆ ಉತ್ತರ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ, ಕಾರಣ ಸಹಿತ ಬರೆಯಿರಿ. ಉತ್ತರದ ಚೀಟಿಯನ್ನು ಹೆಸರು, ತರಗತಿ ಬರೆದು ಭಿತ್ತಿಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

— ಹತ್ತನೇ ತರಗತಿಯ ವಿದ್ಯಾರ್ಥಿನಿ